ಸಂಶಯದ ಮನೆಯಲ್ಲಿ ಬೆಳಗಿದ ದೀಪ: ದೇವರ ಸೇವಕಿ ಎಲಿಜಬೆತ್ ಲೆಸ್ಯೂರ್

ಕುಟುಂಬಗಳನ್ನು ಸಂದರ್ಶಿಸುವಾಗ ಧರ್ಮಗುರುಗಳಾದ ನಾವು ಆಗಾಗ್ಗೆ ಕಾಣುವ ಒಂದು ವ್ಯಥೆಯಿದೆ. ಪತ್ನಿಯು ಜಪಮಾಲೆ ಹಿಡಿದು ಮೊಣಕಾಲೂರಿರುತ್ತಾಳೆ. ಪತಿಯು ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಾ ಕುಳಿತಿರುತ್ತಾನೆ. ಕೆಲವು ಮನೆಗಳಲ್ಲಿ ಇದು ತಿರುವುಮುರುವಾಗಿರುವುದೂ ಉಂಟು. ಪವಿತ್ರ ಗ್ರಂಥದಲ್ಲಿರುವುದು ಸತ್ಯವೋ ಅಥವಾ ಮನುಷ್ಯರು ಕಟ್ಟಿದ ಕಥೆಯೋ ಎಂಬ ಪ್ರಶ್ನೆ ಒಬ್ಬರಲ್ಲಿ ಎದ್ದಾಗ, ಇನ್ನೊಬ್ಬರು ಕಣ್ಣೀರಿನಿಂದಲೋ ಕೋಪದಿಂದಲೋ ಉತ್ತರ ಕೊಡುತ್ತಾರೆ. ಇಂತಹ ಮನೆಗಳವರು ಅರಿತಿರಬೇಕಾದ ಒಂದು ಜೀವನವನ್ನು ಈ ವಾರ ಸ್ಮರಿಸೋಣ.

ಎಲಿಜಬೆತ್ ಅರ್ರಿಗಿ ಜನಿಸಿದ್ದು 1866ರಲ್ಲಿ, ಪ್ಯಾರಿಸ್ ನಗರದ ಅನುಕೂಲಸ್ಥ ಕಥೋಲಿಕ ಕುಟುಂಬದಲ್ಲಿ. 1889ರ ಜುಲೈ ತಿಂಗಳಲ್ಲಿ ಫೆಲಿಕ್ಸ್ ಲೆಸ್ಯೂರ್ ಎಂಬ ತರುಣ ವೈದ್ಯರೊಡನೆ ಅವರ ವಿವಾಹವಾಯಿತು. ಫೆಲಿಕ್ಸ್ ಕೂಡ ಕಥೋಲಿಕ ಮನೆತನದವರೇ. ಆದರೆ ವೈದ್ಯಶಾಸ್ತ್ರದ ವ್ಯಾಸಂಗದ ದಿನಗಳಲ್ಲಿ ಅವರು ವಿಶ್ವಾಸವನ್ನು ಕಳೆದುಕೊಂಡಿದ್ದರು. ಈ ಸಂಗತಿ ವಧುವಿಗೆ ತಿಳಿದದ್ದು ವಿವಾಹಕ್ಕೆ ಸ್ವಲ್ಪ ಮುಂಚೆ. ಪತ್ನಿಯ ಧಾರ್ಮಿಕ ಆಚರಣೆಗೆ ಅಡ್ಡಿಪಡಿಸುವುದಿಲ್ಲವೆಂದು ಫೆಲಿಕ್ಸ್ ಮಾತು ಕೊಟ್ಟರು, ವಿವಾಹ ನಡೆಯಿತು.

ಅವರ ದಾಂಪತ್ಯ ಪ್ರೇಮಪೂರ್ಣವಾಗಿತ್ತು. ಸಂತಾನಭಾಗ್ಯ ಅವರಿಗಿರಲಿಲ್ಲ, ವಿವಾಹದ ಆರಂಭದಿಂದಲೇ ಎಲಿಜಬೆತ್ ಅವರನ್ನು ಕಾಯಿಲೆ ಕಾಡತೊಡಗಿತು. ಆದರೆ ಅತಿ ದೊಡ್ಡ ಅಪಾಯ ಬಂದದ್ದು ಬೇರೆ ದಿಕ್ಕಿನಿಂದ. ಕಾಲಕ್ರಮೇಣ ಫೆಲಿಕ್ಸ್ ತಾವು ಕೊಟ್ಟ ಮಾತನ್ನು ಮರೆತರು. ಕ್ರೈಸ್ತ ಧರ್ಮವನ್ನು ಖಂಡಿಸುವ ಗ್ರಂಥಗಳು ಅವರ ಮನೆಯ ಕಪಾಟನ್ನು ತುಂಬಿದವು. ಮನೆಗೆ ಬರುತ್ತಿದ್ದ ವಿದ್ಯಾವಂತ ಮಿತ್ರರು ವಿಶ್ವಾಸವನ್ನು ನಗೆಗೀಡು ಮಾಡುತ್ತಿದ್ದರು. ಪ್ರಿಯ ಪತಿಯ ಮಾತಿಗೆ ಎದುರಾಡದ ಎಲಿಜಬೆತ್ ಮೆಲ್ಲನೆ ಪ್ರಾರ್ಥನೆಯನ್ನು ಕೈಬಿಟ್ಟರು. 1897ರ ಹೊತ್ತಿಗೆ ಬಲಿಪೂಜೆ, ಸಂಸ್ಕಾರಗಳಿಂದಲೂ ದೂರವಾದರು. ಪತಿಗೆ ಜಯ ಸಿಕ್ಕಿತೆಂದೇ ತೋರಿತು.

ಈ ಜಯವನ್ನು ಪೂರ್ಣಗೊಳಿಸಲೆಂದು ಫೆಲಿಕ್ಸ್ ಪತ್ನಿಯ ಕೈಗೆ ಎರ್ನೆಸ್ಟ್ ರೆನಾನ್ ಅವರು ಕ್ರೈಸ್ತ ಧರ್ಮದ ಉಗಮವನ್ನು ಕುರಿತು ಬರೆದ ಗ್ರಂಥವನ್ನಿತ್ತರು. ರೆನಾನ್ ಸಾಮಾನ್ಯ ಲೇಖಕರಲ್ಲ. ಗುರುಮಠದಲ್ಲಿ ಯಾಜಕತ್ವಕ್ಕಾಗಿ ಅಭ್ಯಾಸ ಮಾಡಿ, 1845ರಲ್ಲಿ ಅದನ್ನು ತೊರೆದವರು. 1863ರಲ್ಲಿ ಪ್ರಕಟವಾದ ಅವರ ಯೇಸು ಚರಿತ್ರೆ, ಪ್ರಭುವಿನ ದೈವತ್ವವನ್ನೂ ಪವಾಡಗಳನ್ನೂ ಅಲ್ಲಗಳೆದು ಯೂರೋಪಿನಲ್ಲೆಲ್ಲ ಕೋಲಾಹಲವೆಬ್ಬಿಸಿತ್ತು. ಭಾಷೆ ಅತಿ ಮಧುರ. ಎಷ್ಟೋ ಮಂದಿಯ ವಿಶ್ವಾಸ ಅದರಿಂದ ಸಡಿಲಗೊಂಡಿತ್ತು.

ಎಲಿಜಬೆತ್ ಅವರಲ್ಲಿ ಅದು ವಿರುದ್ಧ ಪರಿಣಾಮವನ್ನೇ ಉಂಟುಮಾಡಿತು. ಶೈಲಿಯ ಸೊಗಸಿನ ಹಿಂದೆ ಆಧಾರಗಳು ಎಷ್ಟು ಬಡವಾಗಿವೆ, ಊಹೆಯು ಎಷ್ಟು ಕಡೆಗಳಲ್ಲಿ ಪ್ರಮಾಣದ ವೇಷ ಧರಿಸಿದೆ ಎಂಬುದು ಅವರಿಗೆ ಗೋಚರಿಸಿತು. ಹಾಗಾದರೆ ಮೂಲದಲ್ಲೇನಿದೆ ನೋಡೋಣವೆಂದು ಶುಭಸಂದೇಶಗಳನ್ನು ಕೈಗೆತ್ತಿಕೊಂಡರು. ತರುವಾಯ ಧರ್ಮಪಿತೃಗಳ ಬರಹಗಳನ್ನು ಅಭ್ಯಸಿಸಿದರು. ಸಂತ ತೋಮಸ್ ಅಕ್ವಿನಾಸರನ್ನು ಓದಲೆಂದು ಲತೀನ್ ಭಾಷೆಯನ್ನೂ ಕಲಿತರು. ಪತಿಯ ಗ್ರಂಥಭಂಡಾರಕ್ಕೆ ಎದುರಾಗಿ ಅದೇ ಮನೆಯಲ್ಲಿ ಪತ್ನಿಯ ಗ್ರಂಥಭಂಡಾರವೊಂದು ಬೆಳೆಯಿತು. ಸಂಶಯಕ್ಕೆ ಅಂಜಿ ಕಣ್ಣು ಮುಚ್ಚಿಕೊಳ್ಳದೆ, ಅದನ್ನು ಅಧ್ಯಯನದಿಂದ ಎದುರಿಸಿದ ಸ್ತ್ರೀ ಅವರು ಎಂಬುದನ್ನು ನಾವು ಗಮನಿಸಬೇಕು. ಬುದ್ಧಿಯು ವಿಶ್ವಾಸದ ವೈರಿಯಲ್ಲ. ಅರೆಬರೆ ಪರಿಶೀಲನೆಯೇ ಅದರ ವೈರಿ.

ಇನ್ನು ಅವರು ಕಲಿತ ಎರಡನೆಯ ಪಾಠ ಮೌನದ್ದು. ತಾವು ಪಡೆದ ಬೆಳಕನ್ನು ಪತಿಯ ಮೇಲೆ ಹೇರಲಿಲ್ಲ; ಊಟದ ಮೇಜನ್ನು ತರ್ಕದ ಅಖಾಡವಾಗಿಸಲಿಲ್ಲ. ಪತಿಯ ಮಿತ್ರರನ್ನು ಎಂದಿನಂತೆ ಆದರದಿಂದ ಸತ್ಕರಿಸಿದರು. ವಾದದಿಂದ ಅಡ್ಡಿಗಳನ್ನು ಸರಿಸಬಹುದು. ವಿಶ್ವಾಸವನ್ನು ಕೊಡುವವನು ದೇವರೊಬ್ಬನೇ ಎಂಬ ತಿಳಿವು ಅವರಿಗಿತ್ತು. ಅಂತರಂಗದ ಒಂಟಿತನವನ್ನು 1899ರಿಂದ ಗುಟ್ಟಾಗಿ ದಿನಚರಿಯಲ್ಲಿ ಬರೆದಿಟ್ಟರು. 1905ರಲ್ಲಿ ತಂಗಿ ಜೂಲಿಯೆಟ್ ಕ್ಷಯರೋಗದಿಂದ ತೀರಿಕೊಂಡರು. 1911ರಲ್ಲಿ ಎಲಿಜಬೆತ್ ಅವರಿಗೇ ಸ್ತನದ ಗಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಈ ನೋವುಗಳನ್ನೆಲ್ಲ ಫೆಲಿಕ್ಸ್ ಅವರ ಆತ್ಮಕ್ಕಾಗಿ ದೇವರಿಗೆ ಅರ್ಪಿಸಿದರು. 1912ರಲ್ಲಿ ದಂಪತಿಗಳು ಲೂರ್ದಿಗೆ ಹೋದಾಗ, ಗವಿಯ ಮುಂದೆ ಪ್ರಾರ್ಥಿಸುತ್ತಿದ್ದ ಪತ್ನಿಯನ್ನು ಕಂಡು ಫೆಲಿಕ್ಸ್ ಮನ ಕಲಕಿತು. ಆದರೂ ಅವರು ಬದಲಾಗಲಿಲ್ಲ. 1914ರ ಮೇ 3ರಂದು ಎಲಿಜಬೆತ್ ಪತಿಯ ತೋಳುಗಳಲ್ಲಿ ಪ್ರಾಣ ಬಿಟ್ಟರು. ತಾವು ಬೇಡಿದ್ದು ಈಡೇರಿದ್ದನ್ನು ಅವರು ಈ ಲೋಕದಲ್ಲಿ ಕಾಣಲಿಲ್ಲ.

ಅವರ ಮರಣದ ನಂತರ ಆ ದಿನಚರಿ ಫೆಲಿಕ್ಸ್ ಕೈಸೇರಿತು. ತಮ್ಮ ಸಂಶಯ ಮತ್ತು ಪರಿಹಾಸ್ಯಗಳು ಎಂತಹ ಹೃದಯವನ್ನು ಇರಿದಿದ್ದವು, ಆ ಹೃದಯ ತಮಗಾಗಿ ಏನನ್ನೆಲ್ಲ ಸಹಿಸಿತ್ತು ಎಂಬುದನ್ನು ಪುಟಪುಟದಲ್ಲೂ ಓದಿದರು. 1915ರಲ್ಲಿ ಅವರು ಶ್ರೀಸಭೆಗೆ ಮರಳಿದರು. 1917ರಲ್ಲಿ ದಿನಚರಿಯನ್ನು ತಾವೇ ಪ್ರಕಟಿಸಿದರು. ಅಲ್ಲಿಗೂ ನಿಲ್ಲದೆ ದೊಮಿನಿಕನ್ ಸಭೆಯನ್ನು ಸೇರಿ 1923ರಲ್ಲಿ ಯಾಜಕದೀಕ್ಷೆ ಪಡೆದರು. ಮಾರನೆಯ ವರ್ಷ ಬೆಲ್ಜಿಯಂ ದೇಶದಲ್ಲಿ ಅವರು ನಡೆಸಿದ ಧ್ಯಾನಕೂಟದಲ್ಲಿ ಪಾಲ್ಗೊಂಡ ತರುಣ ಗುರುವೊಬ್ಬರು ಈ ಕಥೆಯನ್ನು ಅವರ ಬಾಯಿಂದಲೇ ಕೇಳಿದರು. ಮುಂದೆ ಲೋಕಪ್ರಸಿದ್ಧರಾದ ಮಹಾಧರ್ಮಾಧ್ಯಕ್ಷ ಫುಲ್ಟನ್ ಶೀನ್ ಅವರೇ ಆ ಗುರು. ಸ್ವಾಮಿ ಫೆಲಿಕ್ಸ್ ಲೆಸ್ಯೂರ್ 1950ರಲ್ಲಿ ನಿಧನರಾದರು. ಎಲಿಜಬೆತ್ ಅವರನ್ನು ಶ್ರೀಸಭೆಯು ದೇವರ ಸೇವಕಿಯೆಂದು ಗೌರವಿಸುತ್ತದೆ.

ಪ್ರಾರ್ಥಿಸಿದೊಡನೆ ಪತಿ ಬದಲಾಗುತ್ತಾರೆಂಬ ಭರವಸೆಯನ್ನು ನಾವು ಈ ಜೀವನದಿಂದ ಕೊಡಲಾರೆವು. ಎಲಿಜಬೆತ್ ಅವರಿಗೇ ಅದು ದೊರೆಯಲಿಲ್ಲ. ಆದರೆ ಸಂಶಯಪಡುವ ಸಂಗಾತಿಯು ಶತ್ರುವಲ್ಲ, ವಿವಾಹ ಸಂಸ್ಕಾರದಲ್ಲಿ ದೇವರು ನಮ್ಮ ಕೈಗಿತ್ತ ಆತ್ಮ. ಅವರ ಪ್ರಶ್ನೆಗೆ ಅಳುವ ಮೊದಲು ಅಥವಾ ಸಿಡುಕುವ ಮೊದಲು ನಾವೇ ಒಮ್ಮೆ ಶುಭಸಂದೇಶವನ್ನು ತೆರೆದು ಓದೋಣ. ಸಂಶಯಪಡುವವರಿಗೂ ಒಂದು ಬಿನ್ನಹ: ನಿಮ್ಮ ಪ್ರಶ್ನೆಗಳನ್ನು ಕೇಳಿರಿ, ಆದರೆ ನಿಮ್ಮ ಪಕ್ಕದಲ್ಲಿ ಮೊಣಕಾಲೂರಿದವರನ್ನು ಹಾಸ್ಯ ಮಾಡದಿರಿ. ಅವರು ಯಾರಿಗಾಗಿ ಪ್ರಾರ್ಥಿಸುತ್ತಿದ್ದಾರೆಂಬುದು ನಿಮಗಿನ್ನೂ ತಿಳಿದಿಲ್ಲದಿರಬಹುದು.