ಹಮಾಲಿ ಮಾಡಿದ ಚಾಂಪಿಯನ್ ಜೇಮ್ಸ್ ಬ್ರಾಡಕ್

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಬನಹಟ್ಟಿಯ ಒಂದು ಪ್ರೌಢಶಾಲೆ. 9ನೇ ತರಗತಿಯ ವಿಜ್ಞಾನ, ಘಟಕ ಬಲ ಮತ್ತು ಚಲನೆಯ ನಿಯಮಗಳು. ಕಿಟಕಿ ತೆರೆದರೆ ಪವರ್‌ಲೂಮ್‌ಗಳ ಸದ್ದು, ಮುಚ್ಚಿದರೆ ಸೆಕೆ. ಕ್ರಿಕೆಟ್ ಆಟಗಾರ ಚೆಂಡು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆ ಎಂಬ ಪಠ್ಯಪುಸ್ತಕದ ಉದಾಹರಣೆಯನ್ನು ವಿವರಿಸುತ್ತಿದ್ದೆ. ಸಂವೇಗ ಬದಲಾಗಲು ಹೆಚ್ಚು ಸಮಯ ಸಿಕ್ಕರೆ ಕೈ ಮೇಲೆ ಬೀಳುವ ಬಲ ಕಡಿಮೆಯಾಗುತ್ತದೆ. ಆಗ ಗರಡಿ ಮನೆಗೆ ಹೋಗುವ ಒಬ್ಬ ಹುಡುಗ ಎದ್ದು ನಿಂತು, ಮುಖಕ್ಕೆ ಗುದ್ದು ಬೀಳುವಾಗಲೂ ಹೀಗೇ ಮಾಡಬಹುದೇ ಸರ್ ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಗುದ್ದು ಸಾಗುವ ದಿಕ್ಕಿಗೇ ತಲೆ ಸರಿಸಿದರೆ ಪೆಟ್ಟಿನ ಬಲ ತಗ್ಗುತ್ತದೆ. ಅನುಭವಿ ಮುಷ್ಟಿಪಟುಗಳು ಇದನ್ನು ಲೆಕ್ಕ ಹಾಕಿ ಮಾಡುವುದಿಲ್ಲ, ರೂಢಿಯಿಂದ ಮಾಡುತ್ತಾರೆ.

ಮರುದಿನ ಗಣಿತದ ಶಿಕ್ಷಕರು ರಜೆಯಲ್ಲಿದ್ದ ಕಾರಣ ಆ ಪೀರಿಯಡ್ ನನಗೆ ಬಂತು. ಹುಡುಗನ ಪ್ರಶ್ನೆಯ ಎಳೆ ಹಿಡಿದು ಅಮೆರಿಕದ ಮುಷ್ಟಿಪಟು ಜೇಮ್ಸ್ ಬ್ರಾಡಕ್‌ನ ಜೀವನ ಹೇಳಿದೆ. ಜಾತ್ರೆಗಳಲ್ಲಿ ಜಂಗೀ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿ ಬೆಳೆದ ಮಕ್ಕಳಿಗೆ ಅದು ದೂರದ ಕಥೆ ಅನ್ನಿಸಲಿಲ್ಲ. ಅವನನ್ನೇ ಆರಿಸಿಕೊಳ್ಳಲು ನನಗೆ ನನ್ನದೇ ಕಾರಣವೂ ಇತ್ತು. ಬೀಳಗಿ ತಾಲ್ಲೂಕಿನ ನಮ್ಮ ಹೊಲ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅಪ್ಪ ಜಮಖಂಡಿಯ ಮಾರುಕಟ್ಟೆಯಲ್ಲಿ ಹಮಾಲನಾದ. ಬ್ರಾಡಕ್ ಕೂಡ ಹಮಾಲಿ ಮಾಡಿದವನು. ತರಗತಿಯಲ್ಲಿ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಬ್ರಾಡಕ್ ಹುಟ್ಟಿದ್ದು 1905ರ ಜೂನ್ 7ರಂದು, ನ್ಯೂಯಾರ್ಕ್ ನಗರದ ಐರಿಷ್ ಮೂಲದ ಬಡ ಕುಟುಂಬವೊಂದರಲ್ಲಿ. ಅವನು ಚಿಕ್ಕವನಿದ್ದಾಗಲೇ ಮನೆಯವರು ಹಡ್ಸನ್ ನದಿಯ ಆಚೆಗಿರುವ ನ್ಯೂಜೆರ್ಸಿಗೆ ಬಂದು ನೆಲೆಸಿದರು. ಓದು ಬೇಗ ನಿಂತಿತು. ಸಣ್ಣಪುಟ್ಟ ಕೆಲಸ ಮಾಡುತ್ತಲೇ ಬಾಕ್ಸಿಂಗ್ ಕಲಿತು 1926ರಲ್ಲಿ ವೃತ್ತಿಗೆ ಇಳಿದ. ಅವನ ಬಲಗೈ ಗುದ್ದು ಬಹಳ ಜೋರು, ಎಡಗೈ ಮಾತ್ರ ಅಷ್ಟಕ್ಕಷ್ಟೆ. ಜೋ ಗೂಲ್ಡ್ ಎಂಬ ವ್ಯವಸ್ಥಾಪಕ ಅವನ ಪಂದ್ಯಗಳನ್ನು ಗೊತ್ತು ಮಾಡುತ್ತಿದ್ದ. ಕಷ್ಟಕಾಲದಲ್ಲೂ ಅವನು ಬ್ರಾಡಕ್‌ನ ಕೈ ಬಿಡಲಿಲ್ಲ. 1928ರ ನವೆಂಬರ್‌ನಲ್ಲಿ, ಎಲ್ಲರೂ ಗೆಲ್ಲುತ್ತಾನೆಂದು ನಂಬಿದ್ದ ಟಫಿ ಗ್ರಿಫಿತ್ಸ್‌ನನ್ನು ಬ್ರಾಡಕ್ 2ನೇ ಸುತ್ತಿನಲ್ಲೇ ಸೋಲಿಸಿದಾಗ ಪತ್ರಿಕೆಗಳು ಅವನ ಕಡೆ ತಿರುಗಿ ನೋಡಿದವು.

1929ರ ಜುಲೈ 18ರಂದು ಲೈಟ್ ಹೆವಿವೇಟ್ ವಿಶ್ವ ಪಟ್ಟಕ್ಕಾಗಿ ಟಾಮಿ ಲಾಫ್ರನ್ ಎದುರು ಆಡುವ ಅವಕಾಶ ಸಿಕ್ಕಿತು. ಲಾಫ್ರನ್ ಚುರುಕು ಕಾಲಿನ ಜಾಣ. ಬ್ರಾಡಕ್‌ನ ಬಲಗೈ ಅವನನ್ನು ಹುಡುಕುತ್ತಲೇ ಉಳಿಯಿತು. 15 ಸುತ್ತುಗಳು ಮುಗಿದಾಗ ಅಂಕಗಳ ಮೇಲೆ ಬ್ರಾಡಕ್ ಸೋತಿದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಯಿತು. ಅವನ ಉಳಿತಾಯವೂ ಕರಗಿತು. 1930ರಲ್ಲಿ ಮೇ ಫಾಕ್ಸ್ ಎಂಬಾಕೆಯನ್ನು ಮದುವೆಯಾದ. ಮುಂದೆ ಮೂರು ಮಕ್ಕಳಾದವು. ಹೊಟ್ಟೆಪಾಡಿಗಾಗಿ ಕರೆದಲ್ಲೆಲ್ಲ ಹೋಗಿ ಆಡಿದ. ಲಾಫ್ರನ್ ಪಂದ್ಯದ ನಂತರದ ನಾಲ್ಕು ವರ್ಷಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಸೋಲಿಗೆ ದೊಡ್ಡ ಕಾರಣ ಅವನ ಬಲಗೈ. ಇಲ್ಲಿ ನಾನು ನ್ಯೂಟನ್‌ನ 3ನೇ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮುಷ್ಟಿಯು ತಲೆಗೆ ಎಷ್ಟು ಬಲ ಹಾಕುತ್ತದೆಯೋ ತಲೆಯೂ ಮುಷ್ಟಿಗೆ ಅಷ್ಟೇ ಬಲ ಹಾಕುತ್ತದೆ. ತಲೆಬುರುಡೆ ಗಟ್ಟಿ, ಅಂಗೈ ಮೂಳೆಗಳು ಸಣ್ಣವು. ಜೋರಾಗಿ ಗುದ್ದುವವನ ಕೈಯೇ ಮೊದಲು ಮುರಿಯುವುದುಂಟು. ಬ್ರಾಡಕ್‌ನ ಬಲಗೈ ಮತ್ತೆ ಮತ್ತೆ ಮುರಿಯಿತು. ಪೂರ್ತಿ ಕೂಡಿಕೊಳ್ಳುವವರೆಗೆ ಕಾಯಲು ಮನೆಯ ಪರಿಸ್ಥಿತಿ ಬಿಡಲಿಲ್ಲ. 1933ರ ಸೆಪ್ಟೆಂಬರ್ 25ರಂದು ಏಬ್ ಫೆಲ್ಡ್‌ಮನ್ ಎದುರಿನ ಪಂದ್ಯದಲ್ಲಿ ಕೈ ಮತ್ತೆ ಮುರಿದು, ಪಂದ್ಯ ತೀರ್ಪಿಲ್ಲದೆ ನಿಂತಿತು. ಬಾಕ್ಸಿಂಗ್ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದರು.

ಬ್ರಾಡಕ್ ನ್ಯೂಜೆರ್ಸಿಯ ಹಡಗುಕಟ್ಟೆಗೆ ಹಮಾಲಿಗೆ ಹೋದ. ಅಲ್ಲಿ ಕೆಲಸ ದಿನವೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಗುಂಪಿನಲ್ಲಿ ನಿಂತು ಕಾಯಬೇಕಿತ್ತು. ಹಡಗಿನ ಸರಕನ್ನು ಕಬ್ಬಿಣದ ಕೊಕ್ಕೆ ಚುಚ್ಚಿ ಎಳೆಯುತ್ತಿದ್ದರು. ನಮ್ಮ ಮಾರುಕಟ್ಟೆಯ ಹಮಾಲರು ಚೀಲಕ್ಕೆ ಹಾಕುವ ಕೊಕ್ಕೆಯಂಥದ್ದೇ ಅದು. ಬಲಗೈ ಕೆಲಸಕ್ಕೆ ಬಾರದ್ದರಿಂದ ಅವನು ಕೊಕ್ಕೆಯನ್ನು ಎಡಗೈಯಲ್ಲಿ ಹಿಡಿದ. ತಿಂಗಳುಗಟ್ಟಲೆ ಎಡಗೈಯಿಂದಲೇ ಎಳೆದ, ಎತ್ತಿದ. ವರ್ಷಗಟ್ಟಲೆ ತಾಲೀಮಿನಲ್ಲಿ ಬಾರದ ಬಲ ಆ ಕೈಗೆ ಬಂದಿತು. ಆಗ ಅದು ಅವನಿಗೆ ತಾಲೀಮು ಆಗಿರಲಿಲ್ಲ, ಅಂದಿನ ಕೂಲಿ ಆಗಿತ್ತು.

ಆ ಕೂಲಿಯೂ ಸಾಲದೆ ಹೋದಾಗ ಅವನು ಸರ್ಕಾರದ ಪರಿಹಾರ ಕಚೇರಿಗೆ ಹೋಗಿ ಸಹಾಯಧನಕ್ಕೆ ಹೆಸರು ಬರೆಸಿದ. ವಿಶ್ವ ಪಟ್ಟಕ್ಕೆ ಆಡಿದ್ದವನು ಸಾಲಿನಲ್ಲಿ ನಿಂತ. ಆ ಹಣದಿಂದ ಮಕ್ಕಳ ಹಾಲು, ಬ್ರೆಡ್ಡು ನಡೆಯಿತು.

1934ರ ಜೂನ್ 14ರಂದು ನ್ಯೂಯಾರ್ಕ್‌ನ ಲಾಂಗ್ ಐಲೆಂಡ್ ಸಿಟಿಯಲ್ಲಿ ಹೆವಿವೇಟ್ ಪಟ್ಟಕ್ಕಾಗಿ ಪ್ರಿಮೊ ಕಾರ್ನೆರಾ ಮತ್ತು ಮ್ಯಾಕ್ಸ್ ಬೇರ್ ಪಂದ್ಯವಿತ್ತು. ಅದಕ್ಕೂ ಮೊದಲಿನ ಒಂದು ಪಂದ್ಯದಲ್ಲಿ ಉದಯೋನ್ಮುಖ ಕಾರ್ನ್ ಗ್ರಿಫಿನ್ ಎದುರು ಆಡಲು ಒಬ್ಬ ಬೇಕಾಗಿದ್ದ. ಗೂಲ್ಡ್ ಆ ಜಾಗವನ್ನು ಬ್ರಾಡಕ್‌ಗೆ ಕೊಡಿಸಿದ. ತಯಾರಿಗೆ ಎರಡು ದಿನವೂ ಸರಿಯಾಗಿ ಇರಲಿಲ್ಲ. ಗ್ರಿಫಿನ್ ಅವನನ್ನು 2ನೇ ಸುತ್ತಿನಲ್ಲಿ ನೆಲಕ್ಕೆ ಬೀಳಿಸಿದ. ಬ್ರಾಡಕ್ ಎದ್ದು 3ನೇ ಸುತ್ತಿನಲ್ಲಿ ಪಂದ್ಯ ಮುಗಿಸಿದ. ನವೆಂಬರ್‌ನಲ್ಲಿ, ಹಿಂದೆ ತನ್ನನ್ನು ಸೋಲಿಸಿದ್ದ ಜಾನ್ ಹೆನ್ರಿ ಲೂಯಿಸ್‌ನನ್ನು 10 ಸುತ್ತುಗಳಲ್ಲಿ ಗೆದ್ದ. 1935ರ ಮಾರ್ಚ್ 22ರಂದು ಆರ್ಟ್ ಲ್ಯಾಸ್ಕಿಯನ್ನು 15 ಸುತ್ತುಗಳಲ್ಲಿ ಗೆದ್ದ. ಎದುರಾಳಿಗಳು ಅವನ ಬಲಗೈಯನ್ನು ಕಾಯುತ್ತಿದ್ದರೆ ಎಡಗೈ ಬಂದು ತಗಲುತ್ತಿತ್ತು. ಈ ಗೆಲುವುಗಳಿಂದ ಕೈಗೆ ಹಣ ಬಂದಾಗ ಅವನು ಸರ್ಕಾರದಿಂದ ಪಡೆದಿದ್ದ ಸಹಾಯಧನವನ್ನು ವಾಪಸು ಕಟ್ಟಿದ.

ಈಗ ಉಳಿದದ್ದು ಪಟ್ಟದ ಒಡೆಯ ಮ್ಯಾಕ್ಸ್ ಬೇರ್. 1930ರಲ್ಲಿ ಬೇರ್ ಎದುರು ಆಡಿದ ಫ್ರಾಂಕಿ ಕ್ಯಾಂಪ್‌ಬೆಲ್ ಪೆಟ್ಟಿನಿಂದ ಸತ್ತಿದ್ದ. ಬೇರ್‌ನ ಗುದ್ದು ಎಂಥದ್ದೆಂದು ಇದರಿಂದಲೇ ಊಹಿಸಬಹುದು. ಅವನು ಬ್ರಾಡಕ್‌ಗಿಂತ ಚಿಕ್ಕ ವಯಸ್ಸಿನವನು, ಹೆಚ್ಚು ತೂಕದವನು. ಬಾಜಿ ಕಟ್ಟುವವರಲ್ಲಿ ಬಹುತೇಕರು ಬೇರ್ ಕಡೆಗಿದ್ದರು. 1935ರ ಜೂನ್ 13ರ ಆ ರಾತ್ರಿ ಬೇರ್ ನಗೆಯಾಡುತ್ತ, ಪ್ರೇಕ್ಷಕರನ್ನು ರಂಜಿಸುತ್ತ ಕಾಲ ಕಳೆದ. ಬ್ರಾಡಕ್ ದೊಡ್ಡ ಗುದ್ದಿಗೆ ಹೋಗದೆ ಎಡಗೈಯನ್ನು ಮುಂದಿಟ್ಟುಕೊಂಡು ಒಂದೊಂದೇ ಅಂಕ ಕೂಡಿಸಿದ. ಬೇರ್‌ನ ಬಲವಾದ ಪೆಟ್ಟುಗಳು ಬಿದ್ದಾಗಲೂ ನೆಲಕ್ಕೆ ಬೀಳದೆ ನಿಂತ. 15 ಸುತ್ತುಗಳ ಕೊನೆಗೆ ತೀರ್ಪು ಸರ್ವಾನುಮತದಿಂದ ಬ್ರಾಡಕ್ ಪರವಾಗಿ ಬಂತು. ಪರಿಹಾರದ ಸಾಲಿನಲ್ಲಿ ನಿಂತಿದ್ದವನು ವಿಶ್ವ ಹೆವಿವೇಟ್ ಚಾಂಪಿಯನ್ ಆದ. ಪತ್ರಕರ್ತ ಡೇಮನ್ ರನ್ಯನ್ ಅವನಿಗೆ ಸಿಂಡರೆಲಾ ಮ್ಯಾನ್ ಎಂಬ ಹೆಸರಿಟ್ಟ. 2005ರಲ್ಲಿ ಬಂದ ಅದೇ ಹೆಸರಿನ ಸಿನಿಮಾವನ್ನು ಕೆಲವರು ನೋಡಿರಬಹುದು.

ಪಟ್ಟ ಎರಡು ವರ್ಷ ಉಳಿಯಿತು. 1937ರ ಜೂನ್ 22ರಂದು ಶಿಕಾಗೊದಲ್ಲಿ ಜೋ ಲೂಯಿಸ್ ಎದುರಾದ. ಜ್ಯಾಕ್ ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡ ಮೇಲೆ ಕಪ್ಪು ಜನಾಂಗದ ಯಾರಿಗೂ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶ ಸಿಕ್ಕಿರಲಿಲ್ಲ. ಬ್ರಾಡಕ್ ಆ ಅವಕಾಶ ಕೊಟ್ಟ. ಇದರಲ್ಲಿ ಹಣದ ಲೆಕ್ಕವೂ ಇತ್ತು. ಮುಂದಿನ ಹತ್ತು ವರ್ಷ ಲೂಯಿಸ್‌ನ ಪಂದ್ಯಗಳ ಲಾಭದಲ್ಲಿ ಪಾಲು ಸಿಗುವಂತೆ ಗೂಲ್ಡ್ ಒಪ್ಪಂದ ಮಾಡಿಸಿದ್ದ. ಮೊದಲ ಸುತ್ತಿನಲ್ಲಿ ಬ್ರಾಡಕ್ ಲೂಯಿಸ್‌ನನ್ನು ನೆಲಕ್ಕೆ ಬೀಳಿಸಿದ. ಆಮೇಲೆ ಲೂಯಿಸ್‌ನ ಗುದ್ದುಗಳು ಶುರುವಾದವು. ಬ್ರಾಡಕ್ 8ನೇ ಸುತ್ತಿನವರೆಗೆ ನಿಂತು, ನಾಕೌಟ್ ಆದ. 1938ರ ಜನವರಿಯಲ್ಲಿ ಟಾಮಿ ಫಾರ್‌ನನ್ನು ಸೋಲಿಸಿ ನಿವೃತ್ತನಾದ. 80ಕ್ಕೂ ಹೆಚ್ಚು ಪಂದ್ಯ ಆಡಿದ್ದ, 20ಕ್ಕೂ ಹೆಚ್ಚು ಸೋತಿದ್ದ.

ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ಸೇವೆ ಮಾಡಿದ. 1964ರಲ್ಲಿ ಸಂಚಾರಕ್ಕೆ ತೆರೆದ ನ್ಯೂಯಾರ್ಕ್‌ನ ವೆರ್ರಜಾನೊ ಸೇತುವೆಯ ನಿರ್ಮಾಣದಲ್ಲೂ ದುಡಿದ. 1974ರ ನವೆಂಬರ್ 29ರಂದು, 69ನೇ ವಯಸ್ಸಿನಲ್ಲಿ, ನ್ಯೂಜೆರ್ಸಿಯಲ್ಲೇ ತೀರಿಕೊಂಡ.

ಕಥೆ ಮುಗಿದ ಮೇಲೆ ಮೊದಲ ಪ್ರಶ್ನೆ ಗರಡಿಯ ಹುಡುಗನಿಂದಲೇ ಬರುತ್ತದೆ ಅಂದುಕೊಂಡಿದ್ದೆ. ಎದ್ದವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. ಅವರ ಮನೆಯಲ್ಲಿ ಕೂಲಿ ನೇಯ್ಗೆ. ಹಾಗಾದರೆ ನಾವೂ ದೊಡ್ಡವರಾದ ಮೇಲೆ ಬಿಸಿಯೂಟದ ಹಣ, ಪಡಿತರ ಅಕ್ಕಿಯ ಹಣ ವಾಪಸು ಕಟ್ಟಬೇಕೇ ಎಂದು ಕೇಳಿದಳು. ಯಾರೂ ನಗಲಿಲ್ಲ. ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಧೈರ್ಯದ ಕಥೆ ಎಂದು ಹೇಳಿದ್ದು ಅವಳಿಗೆ ತಲೆ ತಗ್ಗಿಸುವ ಕಥೆಯಾಗಿ ಕೇಳಿಸಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿತು. ನಾಳೆ ಹೇಳುತ್ತೇನೆ ಎಂದು ಹೊರಗೆ ಬಂದೆ.

ಅಂದು ಸಂಜೆ ಅಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿದೆ. ನಾನು ಓದಿದ್ದೇ ವಿದ್ಯಾರ್ಥಿವೇತನದಲ್ಲಿ, ಉಂಡದ್ದು ಪಡಿತರದ ಅಕ್ಕಿ. ಹಣ ವಾಪಸು ಕಟ್ಟಿದ ಭಾಗಕ್ಕೆ ಅಪ್ಪ ಏನೂ ಅನ್ನಲಿಲ್ಲ. ಅವನ ಕೈ ಆಮೇಲೆ ಸರಿಹೋಯಿತೇ ಎಂದಷ್ಟೇ ಕೇಳಿದ. ಹೊಲ ಹೋದವನಿಗೆ, ಕೈಯಿಂದ ದುಡಿಯುವವನಿಗೆ, ಅದೇ ಮುಖ್ಯ ಸಂಗತಿ. ಮಕ್ಕಳಿಗೆ ಏನು ಹೇಳಬೇಕೆಂದು ಆಗ ನನಗೆ ಹೊಳೆಯಿತು.

ಮರುದಿನ ಪಾಠ ಶುರು ಮಾಡುವ ಮೊದಲು ಐದು ನಿಮಿಷ ತೆಗೆದುಕೊಂಡೆ. ಬಿಸಿಯೂಟ ಸಾಲವಲ್ಲ, ಮಕ್ಕಳ ಹಕ್ಕು. ಅದನ್ನು ಯಾರೂ ತೀರಿಸಬೇಕಾಗಿಲ್ಲ ಎಂದೆ. ಬ್ರಾಡಕ್ ಹಣ ಕಟ್ಟಿದ್ದು ಅವನ ಇಷ್ಟ. ಆದರೆ ಆ ಸಹಾಯ ಸಿಗದೇ ಹೋಗಿದ್ದರೆ ಅವನ ಮಕ್ಕಳು ಹಸಿದಿರುತ್ತಿದ್ದರು, ಅವನು ಮತ್ತೆ ರಿಂಗಿಗೆ ಬರುತ್ತಲೂ ಇರಲಿಲ್ಲವೇನೋ. ಸಾಲಿನಲ್ಲಿ ನಿಂತ ದಿನವೂ ಅವನು ಅದೇ ಬ್ರಾಡಕ್, ಪಟ್ಟ ಗೆದ್ದ ದಿನವೂ ಅದೇ ಬ್ರಾಡಕ್ ಎಂದೆ. ಗರಡಿಯ ಹುಡುಗನಿಗೂ ಒಂದು ಮಾತು ಸೇರಿಸಿದೆ: ಪೆಟ್ಟು ತಡೆದುಕೊಳ್ಳುವುದೇ ದೊಡ್ಡತನವಲ್ಲ, ತಲೆಗೆ ಬಿದ್ದ ಪೆಟ್ಟು ಜೀವವನ್ನೇ ತೆಗೆಯಬಹುದು, ಕ್ಯಾಂಪ್‌ಬೆಲ್‌ನನ್ನು ಮರೆಯಬೇಡ ಎಂದು.

ನನ್ನ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಸಮಯ ಪಾಲನೆ ಸುಧಾರಿಸಬೇಕು ಎಂದು ಬರೆದರು. ಅದು ನಿಜವೇ. ಸಹಪಾಠಿಗಳಿಗೆ ನನ್ನದೊಂದು ಸೂಚನೆ ಇಷ್ಟೆ. ಸಾಧಕರ ಜೀವನವನ್ನು ತರಗತಿಗೆ ಒಯ್ಯುವಾಗ, ಮುಧೋಳದ ಶಾಲೆಯಾಗಲಿ ರಬಕವಿಯ ಶಾಲೆಯಾಗಲಿ, ಆ ಕಥೆಯನ್ನು ಕೇಳುವ ಮಗು ಯಾವ ಮನೆಯಿಂದ ಬಂದಿದೆ ಎಂದು ಮೊದಲೇ ಯೋಚಿಸಿ, ಪ್ರಶ್ನೆಗೂ ಸ್ವಲ್ಪ ಸಮಯ ಉಳಿಸಿಕೊಳ್ಳಿ. ಆ ಹುಡುಗಿ ಅಂದು ಮಧ್ಯಾಹ್ನ ಗೆಳತಿಯರ ಜೊತೆ ಊಟದ ಸಾಲಿನಲ್ಲಿ ನಿಂತಿದ್ದನ್ನು ನೋಡಿ ನನ್ನ ಮನಸ್ಸು ಹಗುರವಾಯಿತು.