ತಂತಿಯ ಮರ್ಮವನ್ನರಿತ ಆಲಿವರ್ ಹೆವಿಸೈಡ್

ಕಳೆದ ಬೇಸಗೆಯ ರಜದಲ್ಲಿ ನನ್ನ ಸೋದರಮಾವನವರು ಕೆಲಸ ಮಾಡುವ ಕಾರ್ಖಾನೆಯನ್ನು ನೋಡುವ ಅವಕಾಶ ನನಗೊದಗಿತು. ಅಲ್ಲಿ ಹತ್ತಾರು ಮೀಟರುಗಳು ಒಂದಕ್ಕೊಂದು ಹೆಣೆದ ಎರಡೇ ತಂತಿಗಳ ಮೂಲಕ ತಮ್ಮ ಅಂಕಿಗಳನ್ನು ಕಚೇರಿಯ ಕಂಪ್ಯೂಟರಿಗೆ ಕಳುಹಿಸುತ್ತಿದ್ದವು. ಆದರೆ ಸಾಲಿನ ಕೊನೆಯ ಮೀಟರುಗಳ ಅಂಕಿಗಳು ಆಗಾಗ ಕೆಟ್ಟು ಬರುತ್ತಿದ್ದುವು. ಮಾವನವರು ಸಾಲಿನ ತುದಿಯಲ್ಲಿ ಎರಡು ತಂತಿಗಳ ನಡುವೆ ೧೨೦ ಓಮಿನ ಪುಟ್ಟದೊಂದು ರೆಸಿಸ್ಟರನ್ನು ಸೇರಿಸಿದರು. ತೊಂದರೆ ಅಷ್ಟಕ್ಕೇ ನಿಂತಿತು!

ನಾನು ಕಾರಣ ಕೇಳಿದೆ. ಬಾವಿಯೊಳಗೆ ಕೂಗಿದರೆ ದನಿ ಮರಳಿ ಬರುವಂತೆ ಸಂಕೇತವೂ ತಂತಿಯ ಕೊನೆ ಮುಟ್ಟಿ ಹಿಂದಿರುಗುತ್ತದೆಂದೂ, ಬೆನ್ನಹಿಂದೆ ಬರುವ ಸಂಕೇತದೊಡನೆ ಬೆರೆತು ಅದನ್ನು ಕೆಡಿಸುತ್ತದೆಂದೂ, ಈ ಪುಟ್ಟ ವಸ್ತು ಅದನ್ನು ಅಲ್ಲಿಯೇ ನುಂಗಿಬಿಡುತ್ತದೆಂದೂ ಅವರು ತಿಳಿಸಿದರು. ತಂತಿಯ ಈ ಗುಣವನ್ನು ಮೊದಲು ಲೆಕ್ಕಹಾಕಿದವರು ಯಾರೆಂದು ಪುಸ್ತಕಗಳಲ್ಲಿ ಹುಡುಕಿದಾಗ ನನಗೆ ಆಲಿವರ್ ಹೆವಿಸೈಡನ ಪರಿಚಯವಾಯಿತು.

ಹೆವಿಸೈಡನು ೧೮೫೦ನೆಯ ಇಸವಿ ಮೇ ೧೮ರಂದು ಲಂಡನ್ನಿನ ಕ್ಯಾಮ್ಡನ್ ಟೌನಿನಲ್ಲಿ ಜನಿಸಿದನು. ತಂದೆ ಮರದ ಮೇಲೆ ಚಿತ್ರ ಕೆತ್ತುವ ಕುಶಲಕರ್ಮಿ; ಮನೆಯಲ್ಲಿ ಬಡತನ. ಎಳವೆಯಲ್ಲಿ ಬಂದ ಕೆಂಪುಜ್ವರದಿಂದ ಬಾಲಕನ ಕಿವಿ ಮಂದವಾಯಿತು. ಹದಿನಾರರ ಹೊತ್ತಿಗೆ ಶಾಲೆಯನ್ನು ಬಿಟ್ಟನು. ತಂತಿವಿದ್ಯೆಯಲ್ಲಿ ಹೆಸರಾದ ಚಾರ್ಲ್ಸ್ ವೀಟ್‌ಸ್ಟನ್ ಆತನ ತಾಯಿಯ ಸೋದರಿಯ ಗಂಡ. ೧೮೬೮ರಲ್ಲಿ ಹೆವಿಸೈಡನು ಡೆನ್ಮಾರ್ಕಿಗೆ ಹೋಗಿ ತಂತಿ ಕಚೇರಿ ಸೇರಿದನು. ಮುಂದೆ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ದುಡಿದನು.

ಉತ್ತರ ಸಮುದ್ರದಡಿಯ ತಂತಿಯಲ್ಲಿ ಒಂದು ವಿಚಿತ್ರವಿತ್ತು. ಒಂದು ದಿಕ್ಕಿನಲ್ಲಿ ಸಂದೇಶವನ್ನು ಬೇಗ ಕಳುಹಿಸಬಹುದಿತ್ತು. ಎದುರು ದಿಕ್ಕಿನಲ್ಲಿ ಅಷ್ಟು ಬೇಗ ಸಾಧ್ಯವಿರಲಿಲ್ಲ. ತಂತಿ ಒಂದೇ, ವೇಗ ಮಾತ್ರ ಎರಡು! ಸಾಲಿನ ಎರಡು ತುದಿಗಳಲ್ಲಿ ಜೋಡಣೆ ಒಂದೇ ತೆರನಾಗಿಲ್ಲದ್ದೇ ಇದಕ್ಕೆ ಕಾರಣವೆಂದು ಆತನು ವಿವರಿಸಿದನು. ತುದಿಯ ಮಹತ್ವವನ್ನು ಆತನು ಕಲಿತದ್ದು ಹೀಗೆ.

೧೮೭೪ರಲ್ಲಿ, ತನ್ನ ೨೪ನೆಯ ವಯಸ್ಸಿನಲ್ಲಿ, ಆತನು ಕೆಲಸಕ್ಕೆ ರಾಜೀನಾಮೆಯಿತ್ತನು. ಮತ್ತೆಂದೂ ನೌಕರಿ ಹಿಡಿಯಲಿಲ್ಲ. ತಂದೆತಾಯಿಗಳ ಮನೆಯಲ್ಲಿ ಕುಳಿತು ಮ್ಯಾಕ್ಸ್‌ವೆಲ್ಲನ ಕಠಿಣ ಗ್ರಂಥವನ್ನು ಯಾರ ನೆರವೂ ಇಲ್ಲದೆ ಅರಗಿಸಿಕೊಂಡನು. ನಮ್ಮ ವಿಜ್ಞಾನದ ಮಿತ್ರರು ಇಂದು ಓದುವ ಮ್ಯಾಕ್ಸ್‌ವೆಲ್ಲನ ನಾಲ್ಕು ಸಮೀಕರಣಗಳಿಗೆ ಆ ಅಡಕವಾದ ರೂಪ ಕೊಟ್ಟವನು, ಕಾಲೇಜನ್ನೇ ಕಾಣದ ಈ ತಂತಿ ಗುಮಾಸ್ತ. ೧೮೮೦ರಲ್ಲಿ ಆತನು ಒಂದು ತಂತಿಯನ್ನು ಇನ್ನೊಂದು ಕೊಳವೆಯಂತೆ ಸುತ್ತುವರಿಯುವ ಕೇಬಲ್ಲಿಗೆ ಪೇಟೆಂಟ್ ಪಡೆದನು.

ತಂತಿಯೆಂದರೆ ಬರಿಯ ದಾರಿಯಲ್ಲ ಎಂಬುದೇ ಆತನ ಮುಖ್ಯ ಬೋಧೆ. ಅದಕ್ಕೆ ನಾಲ್ಕು ಗುಣಗಳುಂಟು: ಹರಿವನ್ನು ತಡೆಯುವ ರೋಧ, ಹರಿವಿನ ಬದಲಾವಣೆಯನ್ನು ವಿರೋಧಿಸುವ ಸ್ವಪ್ರೇರಣೆ, ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಧಾರಕತೆ ಮತ್ತು ಸೋರಿಕೆ. ರೋಧಕ್ಕೆ ಸ್ವಪ್ರೇರಣೆಯ ಪ್ರಮಾಣವೂ ಸೋರಿಕೆಗೆ ಧಾರಕತೆಯ ಪ್ರಮಾಣವೂ ಸಮವಾದರೆ ಸಂಕೇತವು ಸೊರಗಬಹುದೇ ಹೊರತು ತನ್ನ ಆಕಾರವನ್ನು ಕಳೆದುಕೊಳ್ಳದು. ಆಗಿನ ತಂತಿಗಳಲ್ಲಿ ಸ್ವಪ್ರೇರಣೆ ಸಾಲದಾಗಿತ್ತು. ಅದನ್ನು ಹೆಚ್ಚಿಸಬೇಕೆಂದು ೧೮೮೭ರಲ್ಲಿ ಆತನು ಸಾರಿದನು.

ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ತಜ್ಞನಾದ ವಿಲಿಯಂ ಪ್ರೀಸನು ಸ್ವಪ್ರೇರಣೆಯನ್ನು ಶತ್ರುವೆಂದು ನಂಬಿದ್ದನು. ಆಲಿವರನು ತನ್ನ ಅಣ್ಣ ಆರ್ಥರನೊಡನೆ ಬರೆದ ಪ್ರಬಂಧ ಬೆಳಕು ಕಾಣದಂತೆ ತಡೆಯಲ್ಪಟ್ಟಿತು. ಅದೇ ವರ್ಷ ‘ಎಲೆಕ್ಟ್ರಿಷಿಯನ್’ ಪತ್ರಿಕೆಯಲ್ಲಿ ಬರುತ್ತಿದ್ದ ಆತನ ಲೇಖನಮಾಲೆಯೂ ನಿಂತಿತು. ಅಧಿಕಾರವಿದ್ದವನ ಮಾತು ಗೆದ್ದಿತು, ಲೆಕ್ಕ ಸೋತಿತು. ಕೆಲ ಕಾಲ ಮಾತ್ರ! ೧೮೮೯ರಲ್ಲಿ ಮಹಾವಿಜ್ಞಾನಿ ವಿಲಿಯಂ ಥಾಮ್ಸನ್ನನು ಆತನ ಕೆಲಸವನ್ನು ಬಹಿರಂಗವಾಗಿ ಹೊಗಳಿದನು. ೧೮೯೧ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು. ತಂತಿಗೆ ಸುರುಳಿಗಳನ್ನು ಜೋಡಿಸಿ ಸ್ವಪ್ರೇರಣೆ ಹೆಚ್ಚಿಸುವ ವಿಧಾನಕ್ಕೆ ೧೯೦೦ರಲ್ಲಿ ಅಮೆರಿಕದ ಪ್ಯೂಪಿನ್ ಪೇಟೆಂಟ್ ಪಡೆದು ಧನಿಕನಾದನು. ಹೆವಿಸೈಡನಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ೧೮೯೬ರಿಂದ ಸರಕಾರವು ಕೊಡುತ್ತಿದ್ದ ವರ್ಷಕ್ಕೆ ೧೨೦ ಪೌಂಡುಗಳ ವಿಶ್ರಾಂತಿವೇತನವೇ ಆತನಿಗೆ ಆಸರೆಯಾಗಿತ್ತು.

ಇನ್ನು ನಾನು ಕಾರ್ಖಾನೆಯಲ್ಲಿ ಕಂಡ ತಂತಿಗೆ ಬರೋಣ. ೧೯೬೦ರಲ್ಲಿ ಬಂದ ಆರ್‌ಎಸ್-೨೩೨ ಎಂಬ ಪದ್ಧತಿಯಲ್ಲಿ ಪ್ರತಿ ಸಂಕೇತಕ್ಕೂ ಒಂದೊಂದು ತಂತಿ. ಅದರ ವೋಲ್ಟೇಜನ್ನು ಅಳೆಯುವುದು ಎಲ್ಲಕ್ಕೂ ಸಮಾನವಾದ ನೆಲದ ತಂತಿಗೆ ಹೋಲಿಸಿ. ಅದು ಸುಮಾರು ೧೫ ಮೀಟರಿನ ದೂರಕ್ಕೆ ಸರಿ. ೧೯೮೩ರ ಆರ್‌ಎಸ್-೪೮೫ರಲ್ಲಿ ಎರಡು ತಂತಿಗಳ ನಡುವಣ ವ್ಯತ್ಯಾಸವನ್ನೇ ನೋಡುತ್ತಾರೆ, ೦.೨ ವೋಲ್ಟಿನಷ್ಟು ವ್ಯತ್ಯಾಸವಿದ್ದರೂ ಸಾಕು. ಮೋಟಾರುಗಳ ಗದ್ದಲವು ಹೆಣೆದ ಎರಡೂ ತಂತಿಗಳಿಗೆ ಹೆಚ್ಚುಕಡಿಮೆ ಸಮನಾಗಿ ತಗಲುವುದರಿಂದ ಕಳೆಯುವಾಗ ಅದು ಅಳಿದುಹೋಗುತ್ತದೆ. ವೇಗ ಕಡಿಮೆಯಿದ್ದರೆ ೧,೨೦೦ ಮೀಟರಿನವರೆಗೂ ಸಂಕೇತ ಸಾಗುತ್ತದೆ. ಆದರೆ ತಂತಿ ಕೊಂಬೆಗಳಾಗಿ ಒಡೆಯದೆ ಯಂತ್ರದಿಂದ ಯಂತ್ರಕ್ಕೆ ಸರಪಣಿಯಂತೆ ಹೋಗಬೇಕು. ರೆಸಿಸ್ಟರು ಇರಬೇಕಾದುದು ಎರಡು ತುದಿಗಳಲ್ಲಿ ಮಾತ್ರ. ಪ್ರತಿ ಯಂತ್ರಕ್ಕೂ ಹಾಕಿದರೆ ಸಂಕೇತ ಸೊರಗುತ್ತದೆ. ಆ ತಂತಿಜೋಡಿಯ ಸಹಜ ಇಂಪೀಡೆನ್ಸ್ ಸುಮಾರು ೧೨೦ ಓಮ್ ಆಗಿರುವುದರಿಂದಲೇ ತುದಿಯಲ್ಲೂ ಅಷ್ಟೇ ಬೇಕು. ಇಂಪೀಡೆನ್ಸ್ ಎಂಬ ಆ ಶಬ್ದವನ್ನು ೧೮೮೬ರಲ್ಲಿ ಹುಟ್ಟಿಸಿದವನೂ ಹೆವಿಸೈಡನೇ!

೧೯೦೨ರಲ್ಲಿ ಆತನು ಮೇಲಿನ ವಾಯುಮಂಡಲದಲ್ಲಿ ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಪದರವೊಂದಿರಬಹುದೆಂದು ಸೂಚಿಸಿದನು. ೧೯೨೪ರಲ್ಲಿ ಆಪಲ್‌ಟನ್ನನ ಪ್ರಯೋಗಗಳು ಅದನ್ನು ದೃಢಪಡಿಸಿದುವು. ಮರುವರ್ಷ ಫೆಬ್ರವರಿ ೩ರಂದು, ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ ಒಂಟಿಯಾಗಿ ಬಾಳಿದ್ದ ಅವಿವಾಹಿತ ವೃದ್ಧನು ಕಣ್ಣು ಮುಚ್ಚಿದನು.

ನನ್ನ ಮಾವನವರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹೆವಿಸೈಡನ ಹೆಸರನ್ನು ಅವರು ಕೇಳಿರಲಿಲ್ಲ. ನಾನು ಈ ಕಥೆಯನ್ನು ಹೇಳಿದಾಗ ಅವರು ಸುಮ್ಮನೆ ಕೇಳಿ, ತಮ್ಮ ಡಬ್ಬಿಯಿಂದ ಅಂಥದೇ ಒಂದು ರೆಸಿಸ್ಟರನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದು ಈಗಲೂ ನನ್ನ ಓದುವ ಮೇಜಿನ ಮೇಲಿದೆ. ಪದವಿಯ ಗರ್ವ ತಲೆಗೇರಿದಂತೆನಿಸಿದಾಗ ನಾನು ಅದರ ಕಡೆಗೊಮ್ಮೆ ನೋಡುತ್ತೇನೆ.