ವಳಿ, ಮಡಿ ಮತ್ತು ಕಿಟ್ಟೆಲ್ಲರು

ಮೂಡುಬಿದಿರೆಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಲು ಹತ್ತಿದವರಿಲ್ಲ. ಹಳಗನ್ನಡದ ಪಾಠದಲ್ಲಿ ‘ತ್ರಿವಳಿ’ ಎಂಬ ಪದ ಬಂದಾಗ ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ. ತರಗತಿಯಲ್ಲಿ ಕೇಳಲು ನಾಚಿಕೆ. ಅಂದು ಗ್ರಂಥಾಲಯದ ದಪ್ಪ ನಿಘಂಟೇ ನನಗೆ ಗುರುವಾಯಿತು. ಅದನ್ನು ರಚಿಸಿದ ಮಹನೀಯರು ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ಲರು 1832ರಲ್ಲಿ ಜರ್ಮನಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ರೀವ್ ಎಂಬವರ ಕನ್ನಡ–ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ! ಬಾಸೆಲ್ ಮಿಶನ್ನಿನಲ್ಲಿ ಕಲಿತು 1853ರಲ್ಲಿ ಅವರು ಭಾರತಕ್ಕೆ ಬಂದರು. ಬಂದದ್ದು ಮತಪ್ರಚಾರಕ್ಕಾಗಿ, ಮನಸೋತದ್ದು ಕನ್ನಡ ನುಡಿಗೆ. 1862ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ಹಾಡಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು.

1877ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಐವತ್ತು ದಾಟಿದ ಮೇಲೆ 1883ರಲ್ಲಿ ನಿಘಂಟಿನ ಕಾರ್ಯಕ್ಕಾಗಿ ಪುನಃ ಸಮುದ್ರ ದಾಟಿ ಬಂದರು. ಸುಮಾರು 70,000 ಪದಗಳ ಆ ಗ್ರಂಥ 1894ರಲ್ಲಿ ನಮ್ಮ ನೆರೆಯ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ನೀಡಿ ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಅದೇ ವರ್ಷ ಅವರು ಕಾಲವಶರಾದರು.

ಇನ್ನು ನನ್ನ ಪದಕ್ಕೆ ಬರುತ್ತೇನೆ. ವಳಿ ಎಂಬುದು ಸಂಸ್ಕೃತದ ‘ವಲಿ’; ಚರ್ಮದ ಮಡಿಕೆ ಎಂದರ್ಥ. ಕವಿಗಳಿಗೆ ತ್ರಿವಳಿಯೆಂದರೆ ತರುಣಿಯ ಉದರದ ಮೂರು ರೇಖೆಗಳು. ವೈದ್ಯನಾದ ಸುಶ್ರುತನಿಗೆ ವಲಿಗಳು ಗುದದೊಳಗಿನ ಮೂರು ಮಡಿಕೆಗಳು: ಪ್ರವಾಹಣೀ, ವಿಸರ್ಜನೀ, ಸಂವರಣೀ. ಮುದುಕರ ಮುಖದ ಸುಕ್ಕೂ ವಲಿಯೇ. ಒಂದೇ ಪದ ಯೌವನಕ್ಕೂ ಮುಪ್ಪಿಗೂ ರೋಗಚಿಕಿತ್ಸೆಗೂ ಸಲ್ಲುತ್ತದೆ. ಅಚ್ಚಗನ್ನಡದಲ್ಲಿ ಅದಕ್ಕೆ ಸರಿಯಾದದ್ದು ‘ಮಡಿ’. ಬಟ್ಟೆಯನ್ನು ಮಡಿಸುವ ಈ ಮಾತೇ ಲೆಕ್ಕದಲ್ಲಿ ಇಮ್ಮಡಿ, ಮುಮ್ಮಡಿಯಾಗಿದೆ.

ಕನ್ನಡದ ಪದ ಯಾವುದು, ಸಂಸ್ಕೃತದಿಂದ ಬಂದದ್ದು ಯಾವುದು ಎಂದು ಕಿಟ್ಟೆಲ್ಲರು ಬೇರ್ಪಡಿಸಿ, ತಮಿಳು, ತೆಲುಗು, ಮಲಯಾಳ, ತುಳುಗಳ ಬಂಧುಪದಗಳನ್ನೂ ಹೊಂದಿಸಿಟ್ಟರು. ಮನೆಯಲ್ಲಿ ತುಳುವಾಡುವ ನನಗೆ ಅದನ್ನು ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಮಾತಿಗೂ ಆ ದೊಡ್ಡ ಗ್ರಂಥದಲ್ಲಿ ಸ್ಥಾನವಿತ್ತು!

ಆ ಸಂಜೆ ಅಜ್ಜಿಯ ಮುಖದ ಸುಕ್ಕುಗಳನ್ನು ನೋಡುತ್ತ ಕುಳಿತೆ. ಅವಳಿಗೆ ಓದು ಬಾರದು. ಅವಳ ಹಣೆಯ ಗೆರೆಗಳಿಗೆ ಒಂದು ಹೆಸರಿದೆಯೆಂದು ಹೇಳಿದಾಗ ನಕ್ಕಳು. ವಳಿಗಳು ಇನ್ನಷ್ಟು ಆಳವಾದವು. ಕೇಳಲು ಯಾರೂ ಇಲ್ಲದವನ ಪ್ರಶ್ನೆಗೂ ಉತ್ತರವಿಟ್ಟು ಹೋದ ಆ ಹಿರಿಯರಿಗೆ ನನ್ನ ನಮನಗಳು.